ಡ್ಯಾನ್ ಗೇಬಲ್: ಪೈಲ್ವಾನರೋ, ಗುರುವೋ?

ಪ್ರಶ್ನೆ: ಕುಸ್ತಿ ತರಬೇತಿಯ ಮಾತು ಬಂದಾಗಲೆಲ್ಲ ಅಮೆರಿಕದ ಡ್ಯಾನ್ ಗೇಬಲ್ ಅವರ ಹೆಸರು ಕೇಳಿಬರುತ್ತದೆ. ಅವರು ಹೆಚ್ಚು ಸಾಧಿಸಿದ್ದು ಪೈಲ್ವಾನರಾಗಿಯೋ, ತರಬೇತುದಾರರಾಗಿಯೋ? ಟಿ.ವಿ.ಯಲ್ಲಿ ಬರುವ ಕುಸ್ತಿಗೂ ಅವರಿಗೂ ಸಂಬಂಧವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಸಂಬಂಧವಿಲ್ಲ. ಗೇಬಲ್ ಅವರದು ಶಾಲೆ, ಕಾಲೇಜು ಮತ್ತು ಒಲಿಂಪಿಕ್ಸ್‌ನ ಅಮೆಚೂರ್ ಕುಸ್ತಿ.

1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ ಹುಟ್ಟಿದ ಗೇಬಲ್, ಹೈಸ್ಕೂಲಿನಲ್ಲಿ ಆಡಿದ 64 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿಯೂ 117 ಪಂದ್ಯಗಳನ್ನು ಸತತವಾಗಿ ಗೆದ್ದರು. ಉಳಿದಿದ್ದದ್ದು ಕಾಲೇಜು ಜೀವನದ ಕಟ್ಟಕಡೆಯ ಪಂದ್ಯ, ಅಂದರೆ 1970ರ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್‌ನ ಫೈನಲ್. ವಾಷಿಂಗ್ಟನ್ ವಿಶ್ವವಿದ್ಯಾಲಯದ ಲ್ಯಾರಿ ಓವಿಂಗ್ಸ್, ಗೇಬಲ್ ಅವರನ್ನೇ ಎದುರಿಸಬೇಕೆಂದು ಹಟ ಹಿಡಿದು, ತೂಕ ಇಳಿಸಿಕೊಂಡು 142 ಪೌಂಡ್ ವಿಭಾಗಕ್ಕೆ ಬಂದಿದ್ದರು. ಪಂದ್ಯ ಮುಗಿಯುವ ಹೊತ್ತಿಗೆ ಅವರು ಗೇಬಲ್ ಅವರನ್ನು ಕೆಡವಿ, ಬೆನ್ನನ್ನು ಮ್ಯಾಟಿನತ್ತ ತಿರುಗಿಸಿ, 13–11ರಿಂದ ಗೆದ್ದುಬಿಟ್ಟರು. ಮುಂದೆ ಗೇಬಲ್ 1971ರಲ್ಲಿ ವಿಶ್ವ ಚಾಂಪಿಯನ್ ಆದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 68 ಕೆ.ಜಿ. ವಿಭಾಗದಲ್ಲಿ ಎದುರಾಳಿಗಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದರು. ಮ್ಯೂನಿಕ್‌ನ ಈ ಗೆಲುವಿನಷ್ಟೇ ಓವಿಂಗ್ಸ್ ಎದುರಿನ ಸೋಲನ್ನೂ ಅಮೆರಿಕದ ಕುಸ್ತಿಪ್ರಿಯರು ಇಂದಿಗೂ ನೆನೆಯುತ್ತಾರೆ.

ಹೀಗಿದ್ದರೂ, ನಮ್ಮ ಅಭಿಪ್ರಾಯದಲ್ಲಿ ತರಬೇತುದಾರ ಗೇಬಲ್ ಅವರ ತೂಕವೇ ಹೆಚ್ಚು. ತಾವು ಓದಿದ ಅಯೋವಾ ಸ್ಟೇಟ್‌ಗೆ ಬದಲಾಗಿ, ಅದರ ಬದ್ಧ ಎದುರಾಳಿಯಾದ ಅಯೋವಾ ವಿಶ್ವವಿದ್ಯಾಲಯವನ್ನು ಸೇರಿದ ಅವರು (ಇದನ್ನು ಹಳೆಯ ಅಭಿಮಾನಿಗಳು ಹೇಗೆ ನುಂಗಿಕೊಂಡರೋ!) 1976ರಲ್ಲಿ ಅಲ್ಲಿನ ಮುಖ್ಯ ತರಬೇತುದಾರರಾದರು. ಅವರ 21 ಋತುಗಳಲ್ಲಿ ತಂಡಕ್ಕೆ 15 ರಾಷ್ಟ್ರೀಯ ಪ್ರಶಸ್ತಿಗಳು ಬಂದವು. ಅವುಗಳಲ್ಲಿ ಒಂಬತ್ತು 1978ರಿಂದ 1986ರವರೆಗೆ ಸತತವಾಗಿ ಬಂದಂಥವು. ಹತ್ತನೆಯದನ್ನು 1987ರಲ್ಲಿ ತಪ್ಪಿಸಿದ್ದು ಬೇರೆ ಯಾರೂ ಅಲ್ಲ, ಅದೇ ಅಯೋವಾ ಸ್ಟೇಟ್. ಆಮೇಲಿನ ಮೂರು ವರ್ಷಗಳೂ ಬರಿಗೈಯಲ್ಲೇ ಕಳೆದವು. ಗೆದ್ದ ತಂಡವನ್ನು ಗೆಲ್ಲಿಸುತ್ತಾ ಹೋಗುವುದು ಒಂದು ಬಗೆಯಾದರೆ, ಸೋಲಿನ ರುಚಿ ಕಂಡ ತಂಡವನ್ನು 1991ರಿಂದ 1997ರೊಳಗೆ ಮತ್ತೆ ಆರು ಬಾರಿ ಪಟ್ಟಕ್ಕೇರಿಸಿದ್ದು ಇನ್ನೊಂದು ಬಗೆ; ಅವರ ಕಸುಬುಗಾರಿಕೆ ಎದ್ದು ಕಾಣುವುದು ಈ ಎರಡನೆಯದರಲ್ಲಿ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅವರು ತರಬೇತಿ ನೀಡಿದ ಅಮೆರಿಕದ ಫ್ರೀಸ್ಟೈಲ್ ತಂಡ ಏಳು ಚಿನ್ನ ಗೆದ್ದಿತು. ಗೆದ್ದವರಲ್ಲಿ ರ‍್ಯಾಂಡಿ ಲೂಯಿಸ್ ಹಾಗೂ ಅವಳಿ ಸಹೋದರರಾದ ಎಡ್ ಮತ್ತು ಲೂ ಬ್ಯಾನಕ್, ಅಯೋವಾದಲ್ಲಿ ಅವರ ಕೈಯಲ್ಲೇ ಪಳಗಿದವರು. ಸೋವಿಯತ್ ಒಕ್ಕೂಟ ಬಹಿಷ್ಕಾರ ಹಾಕಿದ್ದ ಕಾರಣ ಅಲ್ಲಿ ಪೈಪೋಟಿ ಎಂದಿನಷ್ಟು ಬಿಗಿಯಾಗಿರಲಿಲ್ಲ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.