ಮೌಸ್ ಅಲ್ಲಾಡಿಸಿದರೆ ಕಿರ್ ಸದ್ದು: ಹೊಸ ಸ್ಪೀಕರ್ ಬೇಕಾ?

ನಮಸ್ಕಾರ ಸರ್. ಕಂಪ್ಯೂಟರ್‌ನ ಹಸಿರು ಜ್ಯಾಕಿನಿಂದ ಆಂಪ್ಲಿಫೈಯರ್‌ಗೆ ವೈರ್ ಕೊಟ್ಟಿದ್ದೀರಿ, ಮೌಸ್ ಅಲ್ಲಾಡಿಸಿದಾಗೆಲ್ಲ ಕಿರ್ ಅನ್ನುತ್ತದೆ, ಹೊಸ ಸ್ಪೀಕರ್ ತರಲಾ ಅಂತ ಕೇಳಿದ್ದೀರಿ. ದಯವಿಟ್ಟು ತರಬೇಡಿ. ಸ್ಪೀಕರ್‌ನ ತಪ್ಪಲ್ಲ ಅದು. ಕಂಪ್ಯೂಟರ್ ಒಳಗಿನ ವಿದ್ಯುತ್ ಗದ್ದಲ ಹಾಡಿನ ಜೊತೆ ಸೇರಿಕೊಂಡು ಬರುತ್ತಿದೆ.

ಹೊರಗಿನ ಡ್ಯಾಕ್ ಒಂದು ತನ್ನಿ, ಅಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಆಗಿ ಕಂಪ್ಯೂಟರ್‌ನ ಹೊರಗೆ ಬದಲಿಸುವ ಪೆಟ್ಟಿಗೆ. ಆದರೆ ಯುಎಸ್‌ಬಿ ಒಂದೇ ಇರುವುದು ಬೇಡ, ಆಪ್ಟಿಕಲ್ ಇನ್‌ಪುಟ್ ಕೂಡ ಇರಲಿ. ನಾನು ಮೊದಲು ಯುಎಸ್‌ಬಿ ಡ್ಯಾಕ್ ಹಾಕಿದಾಗ ಸದ್ದು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಕಂಪ್ಯೂಟರ್, ಆಂಪ್ಲಿಫೈಯರ್ ಎರಡಕ್ಕೂ ಅರ್ತ್ ಇದ್ದರೆ ಯುಎಸ್‌ಬಿ ವೈರಿನ ಮೂಲಕವೇ ಗ್ರೌಂಡ್ ಲೂಪ್ ಆಗಬಹುದು, ಅಂದರೆ ಎರಡು ಅರ್ತ್‌ಗಳ ನಡುವೆ ಸುತ್ತು ಕಟ್ಟಿ ಹರಿಯುವ ಕರೆಂಟ್ ಗದ್ದಲ ತರಬಹುದು. ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬರೀ ಬೆಳಕು, ಕರೆಂಟ್ ದಾಟುವುದೇ ಇಲ್ಲ. ನಿಮ್ಮ ಸಿಪಿಯು ಹಿಂದೆ ಚೌಕಾಕಾರದ ಪುಟ್ಟ ಕಿಂಡಿಯಲ್ಲಿ ಕೆಂಪು ಬೆಳಕು ಕಾಣುತ್ತದಾ ನೋಡಿ. ಕಂಡರೆ ಅದೇ ಆಪ್ಟಿಕಲ್ ಔಟ್‌ಪುಟ್, ಅರ್ಧ ಕೆಲಸ ಆದ ಹಾಗೇ.

ಇನ್ನೊಂದು, ಇದಕ್ಕೆ ದುಡ್ಡು ಬೇಡ. ಸಿಡಿಯಿಂದ ತೆಗೆದ ಫ್ಲ್ಯಾಕ್ ಫೈಲ್‌ಗಳು (ಗುಣಮಟ್ಟ ಕಳೆಯದೆ ಕುಗ್ಗಿಸಿದ ಹಾಡಿನ ಫೈಲ್‌ಗಳು) 44.1 ಕಿಲೋಹರ್ಟ್ಸ್‌ನವು, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್. ವಿಂಡೋಸ್ 48ಕ್ಕೆ ಸೆಟ್ ಆಗಿದ್ದರೆ ಸುಮ್ನೆ ಅದನ್ನು ಬದಲಿಸಿ ಕಳಿಸುತ್ತದೆ. ಹಾಡು ನುಡಿಸುವ ಫೂಬಾರ್2000 ಸಾಫ್ಟ್‌ವೇರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಔಟ್‌ಪುಟ್ ಆರಿಸಿಕೊಳ್ಳಿ, ಆಗ ವಿಂಡೋಸ್ ನಡುವೆ ಬದಲಿಸದೆ ಹಾಡು ನೇರ ಡ್ಯಾಕ್‌ಗೆ ಹೋಗುತ್ತದೆ. ಸಾವಿರಾರು ರೂಪಾಯಿಯ ಕೇಬಲ್ ಮಾತ್ರ ಯಾರು ಹೇಳಿದರೂ ಬೇಡ.