ಹಳೇ ಮಾತ್ರೆ, ಹೊಸ ಚೀಟಿ

ಹೃದಯ ವೈಫಲ್ಯಕ್ಕೆ ದಾಖಲಾಗಿದ್ದ 78ರ ತಾಯಿ ನಾಳೆ ಮನೆಗೆ ಬರ್ತಾರೆ, ಹಳೇ ಮಾತ್ರೆಗಳನ್ನೂ ಕೊಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ನೀವಾಗಿ ತೀರ್ಮಾನಿಸಬೇಡಿ. ಮನೆಯಲ್ಲಿರುವ ಅಷ್ಟೂ ಮಾತ್ರೆ ಚೀಲಕ್ಕೆ ಹಾಕಿ ವಾರ್ಡಿಗೇ ಒಯ್ಯಿರಿ. ಡಿಸ್ಚಾರ್ಜ್ ಚೀಟಿ ಪಕ್ಕದಲ್ಲಿಟ್ಟು ಒಂದೊಂದಕ್ಕೂ 'ಮುಂದುವರಿಸಿ', 'ನಿಲ್ಲಿಸಿ', 'ಡೋಸ್ ಬದಲು' ಅಂತ ವೈದ್ಯರಿಂದಲೇ ಬರೆಸಿಕೊಳ್ಳಿ. ಎಡವಟ್ಟಾಗುವುದು ಇಲ್ಲೇ: ಲೇಸಿಕ್ಸ್ ಅಂದರೂ ಫ್ಯೂರೋಸೆಮೈಡೇ, ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಒಂದೇ ಔಷಧಿ. ಹೆಸರು ಬೇರೆ ಅಂತ ಎರಡನ್ನೂ ನುಂಗಿಸಿದರೆ ಮೈಯ ನೀರು, ಪೊಟ್ಯಾಶಿಯಂ ಎರಡೂ ಇಳಿದು, ಎದ್ದು ನಿಂತಾಗ ತಲೆ ಸುತ್ತಿ ಬೀಳಬಹುದು. ಮಂಡಿನೋವಿಗೆಂದು ಐಬುಪ್ರೊಫೆನ್ ಇದ್ದರೆ ಅದನ್ನಂತೂ ತಪ್ಪದೇ ತೋರಿಸಿ, ಅದರಿಂದ ಮೈಯಲ್ಲಿ ನೀರು ಹೊರಹೋಗದೆ ಉಳಿಯುತ್ತದೆ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ನಂತರ, ತಿಂಡಿಗೆ ಮುಂಚೆ, ಒಂದೇ ಯಂತ್ರದಲ್ಲಿ ತೂಕ ನೋಡಿ ಬರೆದಿಡಿ. 2–3 ದಿನದಲ್ಲಿ 2 ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಉಬ್ಬಸ ಬರಲಿ ಅಂತ ಕಾಯದೆ ಅಂದೇ ಫೋನ್ ಮಾಡಿ. ಯಾರಿಗೆ ಮಾಡಬೇಕು ಅನ್ನುವ ನಂಬರ್, 7 ದಿನದೊಳಗಿನ ಮರುಭೇಟಿ ದಿನಾಂಕ, ಎರಡೂ ಕೈಗೆ ಬಂದ ಮೇಲೆಯೇ ಹೊರಡಿ.