ಸಮಾನತೆ ತರಬೇಕಾದರೆ ಸರ್ಕಾರ ಸ್ವಾತಂತ್ರ್ಯ ಕಿತ್ತುಕೊಳ್ಳಲೇಬೇಕೇ? ಕಾಗೋಡು ಮತ್ತು ತುರ್ತು ಪರಿಸ್ಥಿತಿಯಿಂದ ಒಂದು ಉತ್ತರ

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಉಳ್ಳವರಿಂದ ಕಿತ್ತು ಇಲ್ಲದವರಿಗೆ ಕೊಡುವಷ್ಟು ಬಲ ಸರ್ಕಾರಕ್ಕೆ ಬಂದರೆ, ಅದೇ ಬಲ ನಾಳೆ ಎಲ್ಲರ ಬಾಯಿ ಮುಚ್ಚಿಸುವುದಿಲ್ಲವೇ? ಹಾಗಿದ್ದ ಮೇಲೆ ಸಮಾನತೆ ಅಥವಾ ಸ್ವಾತಂತ್ರ್ಯ, ಎರಡರಲ್ಲಿ ಒಂದನ್ನು ಕೈಬಿಡಲೇಬೇಕೇ? ಇತಿಹಾಸದಿಂದಲೂ ಸಾಹಿತ್ಯದಿಂದಲೂ ಉದಾಹರಣೆ ಬೇಕು ಎಂದಿದ್ದೀರಿ. ರಷ್ಯಾದ ಹೆಸರನ್ನೂ ಎತ್ತಿದ್ದೀರಿ.

ಇಂಥ ಪ್ರಶ್ನೆಗೆ ಹನ್ನೆರಡನೇ ಶತಮಾನದ ಕಲ್ಯಾಣವನ್ನೋ ಫ್ರಾನ್ಸಿನ ಕ್ರಾಂತಿಯನ್ನೋ ಎತ್ತಿಕೊಳ್ಳುವುದು ವಾಡಿಕೆ. ನಾನು ಸಾಗರ ಸೀಮೆಯವನು, ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದವನು. ಹಾಗಾಗಿ ನನ್ನ ಮನಸ್ಸು ಹೋಗುವುದು 1951ರಿಂದ 1978ರವರೆಗಿನ ನಮ್ಮದೇ ರಾಜ್ಯದ ಕಡೆಗೆ. ಗೇಣಿದಾರನಿಗೆ ಜಮೀನು ಸಿಕ್ಕಿದ್ದೂ, ಕಾರಣವನ್ನೇ ಹೇಳದೆ ಜನರನ್ನು ಜೈಲಿಗೆ ಹಾಕಿದ್ದೂ ಇಲ್ಲಿ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ನಡೆದವು. ಎರಡೂ ಸರ್ಕಾರದ ಬಲದಿಂದಲೇ ಆದವು. ಎರಡೂ ಒಂದೇ ಅಲ್ಲ ಎಂಬುದು ನನ್ನ ಉತ್ತರ. ಯಾಕೆ ಎಂದು ಹೇಳಬೇಕಾದರೆ ಕೊಳಗದಿಂದ ಶುರು ಮಾಡಬೇಕು.

ಕೊಳಗ ಎಂದರೆ ಭತ್ತ ಅಳೆಯುವ ಪಾತ್ರೆ. ಸುಗ್ಗಿ ಮುಗಿದ ಮೇಲೆ ಒಕ್ಕಲು ತನ್ನ ಒಡೆಯನಿಗೆ ಇಷ್ಟು ಖಂಡುಗ ಎಂದು ಗೇಣಿ ಅಳೆದು ಕೊಡಬೇಕಿತ್ತು. ನಮ್ಮ ಸಾಗರ ತಾಲ್ಲೂಕಿನ ಹಳ್ಳಿ ಕಾಗೋಡಿನ ತಕರಾರು ಈ ಪಾತ್ರೆಯ ಮೇಲೆಯೇ ಎದ್ದದ್ದು. ಗೇಣಿ ತೆಗೆದುಕೊಳ್ಳುವಾಗ ಬಳಸುತ್ತಿದ್ದ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದಿತ್ತು. ಒಂದೊಂದು ಕೊಳಗಕ್ಕೂ ಸ್ವಲ್ಪ ಸ್ವಲ್ಪವೇ ಹೆಚ್ಚು ಹೋಗುತ್ತಿತ್ತು, ಸುಗ್ಗಿಯ ಕೊನೆಗೆ ಒಕ್ಕಲಿನ ಮನೆಯ ಮಳೆಗಾಲದ ಅಕ್ಕಿಯೇ ಕಡಿಮೆ ಬೀಳುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯುತ್ತೇವೆ ಎಂದು ದೀವರ ಜಾತಿಯ ಒಕ್ಕಲುಗಳು ಹಟ ಹಿಡಿದರು. ಎಚ್. ಗಣಪತಿಯಪ್ಪನವರು ಅವರನ್ನು ರೈತ ಸಂಘಕ್ಕೆ ಸೇರಿಸಿದ್ದರು. ಒಡೆಯರು ಗದ್ದೆ ಬಿಡಿಸಿದಾಗ ಒಕ್ಕಲುಗಳು ನೇಗಿಲು ಹಿಡಿದು ಅದೇ ಗದ್ದೆಗಿಳಿದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷದವರೂ ಜೊತೆಗೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ತಾವೂ ಬಂಧನಕ್ಕೊಳಗಾದರು. ಇದು 1951ರ ಮಾತು.

ಸ್ವಾತಂತ್ರ್ಯಕ್ಕೆ ಅಪಾಯ ಸರ್ಕಾರದಿಂದ ಮಾತ್ರ ಎಂದುಕೊಂಡು ಯೋಚಿಸಿದರೆ ಈ ಒಕ್ಕಲುಗಳ ಬದುಕು ಅರ್ಥವಾಗುವುದೇ ಇಲ್ಲ. ಅವರ ಪಾಲಿಗೆ ಸರ್ಕಾರ ಎಂದರೆ ಒಡೆಯರ ಮನೆಯೇ. ಒಡೆಯರ ಮುಂದೆ ಹೇಗೆ ನಿಲ್ಲಬೇಕು, ಯಾವ ಹಬ್ಬಕ್ಕೆ ಏನು ಕಾಣಿಕೆ ಒಯ್ಯಬೇಕು, ಎಷ್ಟು ದಿನ ಬಿಟ್ಟಿ ಚಾಕರಿ ಮಾಡಬೇಕು ಎಲ್ಲವೂ ಅಲ್ಲೇ ತೀರ್ಮಾನ. ಸಾಹಿತ್ಯದಿಂದ ಉದಾಹರಣೆ ಕೇಳಿದ್ದೀರಲ್ಲ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿ. ಜೀತದಾಳು ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಮದುವೆಯಾಗಬೇಕಾದರೆ ರಾತ್ರೋರಾತ್ರಿ ಅವಳನ್ನು ಕರೆದುಕೊಂಡು ಓಡಿಹೋಗಬೇಕು. ತಿಮ್ಮಿ ಯಾರ ಕೈ ಹಿಡಿಯಬೇಕು ಎಂಬುದು ಅವಳು ದುಡಿಯುವ ಒಡೆಯರ ಮನೆಗೆ ಸೇರಿದ ವಿಷಯ. ಆ ಕಾಡಿನೊಳಗೆ ಸರ್ಕಾರ ಅಪರೂಪಕ್ಕೊಮ್ಮೆ ಇಣುಕಿದರೆ ಹೆಚ್ಚು. ಸರ್ಕಾರ ಕೈ ಹಾಕದ ಕಡೆ ಸ್ವಾತಂತ್ರ್ಯ ತಾನಾಗಿ ಅರಳುತ್ತದೆ ಎನ್ನುವವರಿಗೆ ಗುತ್ತಿ, ತಿಮ್ಮಿ ಇಬ್ಬರೂ ಯಾಕೆ ಓಡಿದರು ಎಂದು ನಾನು ಕೇಳುತ್ತೇನೆ.

ಇನ್ನು ಕಾನೂನು. 1961ರ ಭೂಸುಧಾರಣಾ ಕಾಯ್ದೆಯಲ್ಲಿ ನೂರೆಂಟು ಸಂದಿಗಳಿದ್ದವು. ದೇವರಾಜ ಅರಸರ ಕಾಲದಲ್ಲಿ ಅದಕ್ಕೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅವತ್ತಿನಿಂದ ಗೇಣಿಗಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ತನ್ನ ಹೆಸರಿಗೆ ಕೇಳಬೇಕಿತ್ತು. ನಮ್ಮಜ್ಜನ ಅರ್ಜಿಯ ನಕಲು ಮನೆಯಲ್ಲಿ ಇನ್ನೂ ಇದೆ. ಸರ್ವೆ ನಂಬರು, ಎಕರೆ ಗುಂಟೆ, ಮಾಲೀಕರ ಹೆಸರು, ಕೆಳಗೆ ಶಾಯಿ ಹರಡಿಕೊಂಡ ಹೆಬ್ಬೆಟ್ಟು. ಪಹಣಿಯ 12ನೇ ಕಾಲಂನಲ್ಲಿ, ಎಂದರೆ ಉಳುವವರ ಹೆಸರು ಬರೆಯುವ ಜಾಗದಲ್ಲಿ ಅಜ್ಜನ ಹೆಸರಿರಲಿಲ್ಲ. ಎಷ್ಟೋ ಒಕ್ಕಲುಗಳ ಕಥೆ ಇದೇ. ಹೆಸರು ಬರೆಯುವವರು ಕೂತು ಉಣ್ಣುತ್ತಿದ್ದದ್ದು ಒಡೆಯರ ಜಗಲಿಯಲ್ಲಿ. ಹಾಗಾಗಿ ಅಕ್ಕಪಕ್ಕದ ಗದ್ದೆಯವರ ಬಾಯಿಮಾತಿನ ಸಾಕ್ಷಿಯೇ ಗತಿ.

ಅರ್ಜಿಗಳ ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಉಳಿದವರು ಸರ್ಕಾರ ನೇಮಿಸಿದ ಊರಿನ ಮುಖಂಡರು. ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಅದರಲ್ಲಿ ಇರಲೇಬೇಕಿತ್ತು. ವಕೀಲರಿಗೆ ಪ್ರವೇಶವಿಲ್ಲ. ಒಡೆಯ ವಕೀಲರನ್ನು ಇಟ್ಟುಕೊಳ್ಳಬಲ್ಲ, ಒಕ್ಕಲಿಗೆ ಆ ಶಕ್ತಿಯಿಲ್ಲ ಎಂಬ ಲೆಕ್ಕ. ಅಜ್ಜಿಗೆ ಆ ವಿಚಾರಣೆಯಲ್ಲಿ ನೆನಪುಳಿದದ್ದು ಒಂದೇ: ಒಡೆಯರಿಗೂ ಅಜ್ಜನಿಗೂ ಒಂದೇ ಮೇಜಿನ ಮುಂದೆ ನಿಂತು ಉತ್ತರ ಹೇಳಲು ಹೇಳಿದರಂತೆ. ಜಮೀನು ಸಿಕ್ಕ ಸುದ್ದಿಗಿಂತ ಹೆಚ್ಚು ಸಲ ಅವರು ಅದನ್ನೇ ಹೇಳುತ್ತಿದ್ದರು. ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು.

ಇದರಲ್ಲಿ ಅನ್ಯಾಯವೂ ಆಯಿತು. ಎರಡೆಕರೆಯ ಗೇಣಿಯನ್ನೇ ನಂಬಿದ್ದ ವಿಧವೆಯರೂ ಜಮೀನು ಕಳೆದುಕೊಂಡರು. ಪರಿಹಾರ ಅಲ್ಪ, ಅದೂ ಕಂತಿನಲ್ಲಿ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತರಿಗೆ ಈ ಕಾಯ್ದೆಯಿಂದ ದಕ್ಕಿದ್ದು ತೀರಾ ಕಡಿಮೆ. ನನ್ನ ಮನೆಗೆ ಲಾಭವಾಯಿತು ಎಂದು ಇದನ್ನು ಮುಚ್ಚಿಡಲಾರೆ.

ಈಗ ನಿಮ್ಮ ಭಯದ ಕಡೆಗೆ ಬರುತ್ತೇನೆ. ಅದಕ್ಕೆ ಗಟ್ಟಿ ಆಧಾರವಿದೆ. ಕಾಗೋಡು ಸತ್ಯಾಗ್ರಹ ನಡೆದ 1951ರಲ್ಲೇ ಸಂವಿಧಾನದ ಮೊದಲ ತಿದ್ದುಪಡಿಯೂ ಆಯಿತು. ಜಮೀನ್ದಾರಿ ರದ್ದು ಮಾಡುವ ಕಾನೂನುಗಳನ್ನು ಕೋರ್ಟಿನಿಂದ ಕಾಪಾಡಲು ಒಂಬತ್ತನೇ ಅನುಸೂಚಿ ಬಂತು, ಹಿಂದುಳಿದವರಿಗೆ ಮೀಸಲಾತಿ ಕೊಡಲು 15(4) ಬಂತು. ಅದೇ ತಿದ್ದುಪಡಿಯಲ್ಲಿ ಮಾತಿನ ಸ್ವಾತಂತ್ರ್ಯದ ಮೇಲೆ ಹೊಸ ನಿರ್ಬಂಧಗಳೂ ಬಂದವು. ಸಮಾನತೆಯ ಗಾಡಿಯಲ್ಲಿ ಬೇರೆ ಸರಕನ್ನೂ ಹೇರಿಕೊಂಡು ಬರುವ ಅಭ್ಯಾಸ ನಮ್ಮ ಗಣರಾಜ್ಯಕ್ಕೆ ಮೊದಲಿನಿಂದಲೇ ಇತ್ತು.

ಇಪ್ಪತ್ತನಾಲ್ಕು ವರ್ಷದ ನಂತರ, 1975ರಲ್ಲಿ, ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿ ಜನರ ಹಕ್ಕುಗಳನ್ನು ತಡೆಹಿಡಿಯಿತು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ಲೋಹಿಯಾ ಅನುಯಾಯಿ. ಕಾಗೋಡಿನ ಒಕ್ಕಲುಗಳ ಜೊತೆ ನಿಂತ ಅದೇ ವಿಚಾರದ ಬಳಗದವರು. 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ಸರ್ಕಾರದ ವಿರುದ್ಧ ಸ್ಫೋಟಕ್ಕೆ ಸಂಚು ಮಾಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಸಂಶಯ ಎಂದರು, ಆದರೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಆದರೂ ವಿಚಾರಣೆಯಿಲ್ಲದೆ ಒಳಗಿಡಲು ಬಿಡುವ ಮೀಸಾ ಕಾಯ್ದೆಯಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲೇ ಇಟ್ಟರು. ಅವರಿಗೆ ಆಸ್ತಮಾ ಇತ್ತು. ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ರಾತ್ರಿ ಹೊತ್ತು ಅವರ ಚೀರಾಟ ಕೇಳುತ್ತಿತ್ತು ಎಂದು ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ನಮ್ಮಜ್ಜನಂಥವರ ಅರ್ಜಿಗಳ ವಿಚಾರಣೆ ನಡೆಯುತ್ತಿದ್ದ ರಾಜ್ಯದಲ್ಲೇ, ಅವೇ ದಿನಗಳಲ್ಲಿ ಇದು ನಡೆಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಡವನಿಗೆ ಸ್ವಾತಂತ್ರ್ಯ ಕಟ್ಟಿಕೊಂಡು ಏನಾಗಬೇಕು ಎಂದು ವಾದಿಸುವವರು ನಮ್ಮಲ್ಲಿ ಬಹಳ ಮಂದಿ. ಅವರ ಕೈಯಲ್ಲಿ ಸಾಕ್ಷಿಗಳೂ ಇವೆ. ಜೀತ ರದ್ದಾದದ್ದು 1975ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದ. ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದ 1977ರಲ್ಲಿ ಕರ್ನಾಟಕದ 28 ಲೋಕಸಭಾ ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಜಮೀನು ಪಡೆದವರ ಋಣಭಾವ ಅದರಲ್ಲಿತ್ತು; ಅದನ್ನು ನಾನು ಹೀಗಳೆಯುವುದಿಲ್ಲ. ಒಡೆಯನ ಮುಂದೆ ತಲೆ ಎತ್ತಿ ನಿಲ್ಲುವುದು ಅವರು ಕಂಡ ಮೊದಲ ಸ್ವಾತಂತ್ರ್ಯ.

ಆದರೆ ಆ ವಾದದಲ್ಲಿ ಕಾಲದ ಲೆಕ್ಕವೇ ತಪ್ಪಿದೆ. ಭೂಸುಧಾರಣೆಯ ತಿದ್ದುಪಡಿ ತುರ್ತು ಪರಿಸ್ಥಿತಿಯ ಕೊಡುಗೆಯಲ್ಲ. ಅದಕ್ಕೂ ಒಂದು ವರ್ಷಕ್ಕಿಂತ ಮುಂಚೆ, ವಿರೋಧ ಪಕ್ಷಗಳೂ ಪತ್ರಿಕೆಗಳೂ ಬಾಯಿ ತೆರೆದಿದ್ದ ಕಾಲದಲ್ಲಿ, ವಿಧಾನಮಂಡಲದಲ್ಲಿ ಚರ್ಚೆಯಾಗಿ ಬಂದದ್ದು. ಅದರ ಬೇರು ಇರುವುದು ಸಂಘ ಕಟ್ಟಿ, ಸಭೆ ಸೇರಿ, ಗದ್ದೆಗಿಳಿದ ಕಾಗೋಡಿನವರಲ್ಲಿ. 1951ರಲ್ಲಿ ಮೀಸಾದಂಥ ಕಾಯ್ದೆ ಹಾಕಿ ಗಣಪತಿಯಪ್ಪ, ಗೋಪಾಲಗೌಡರನ್ನು ವರ್ಷಗಟ್ಟಲೆ ಒಳಗಿಟ್ಟಿದ್ದರೆ ಕೊಳಗದ ಸುದ್ದಿ ಊರು ದಾಟುತ್ತಿತ್ತೇ? ಇನ್ನೊಂದು ಕಡೆ, ಸ್ವಾತಂತ್ರ್ಯ ಹೋದಾಗ ಮೊದಲು ಪೆಟ್ಟು ಬಿದ್ದದ್ದು ಯಾರಿಗೆ ನೋಡಿ. 1976ರ ಏಪ್ರಿಲಿನಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಸರ್ಕಾರದ ಬುಲ್ಡೋಜರಿಗೆ ಮನೆ ಕಳೆದುಕೊಂಡವರು ಬಡವರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಟಾರ್ಗೆಟ್ ತುಂಬಲು ಹಿಡಿದೊಯ್ದದ್ದೂ ಬಡವರನ್ನೇ.

ರಷ್ಯಾದ್ದೂ ಇದೇ ಪಾಠ. 1917ರಲ್ಲಿ ಜಮೀನ್ದಾರರ ಭೂಮಿ ರೈತನ ಕೈಗೆ ಬಂತು. 1929ರ ನಂತರ ಅದೇ ಸರ್ಕಾರ ಅದನ್ನು ಸಾಮೂಹಿಕ ಬೇಸಾಯಕ್ಕೆಂದು ಕಿತ್ತುಕೊಂಡಿತು. ಬೇಡ ಎಂದು ಹೇಳಲು ಅವನಿಗೆ ಸಂಘವಿರಲಿಲ್ಲ, ಪತ್ರಿಕೆಯಿರಲಿಲ್ಲ, ಕೋರ್ಟೂ ಇರಲಿಲ್ಲ. 1932-33ರಲ್ಲಿ ಉಕ್ರೇನ್ ಮೊದಲಾದ ಕಡೆ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ದೇಶದೊಳಗೆ ಓಡಾಡಲು ಬೇಕಾದ ಪಾಸ್‌ಪೋರ್ಟ್ ಸಾಮೂಹಿಕ ಬೇಸಾಯದ ರೈತರಿಗೆಲ್ಲ ಕೊಡಬೇಕೆಂದು ತೀರ್ಮಾನವಾದದ್ದು 1974ರಲ್ಲಿ.

ಹಾಗಾಗಿ ಬಲವಿರುವ ಸರ್ಕಾರವೇ ಬೇಡ ಎಂದು ನಾನು ಹೇಳಲಾರೆ. ಬಲವಿಲ್ಲದ ಸರ್ಕಾರವಿದ್ದಿದ್ದರೆ ದೊಡ್ಡ ಕೊಳಗ ಇವತ್ತಿಗೂ ಅಳೆಯುತ್ತಿತ್ತು. ನಾನು ನೋಡುವುದು ಇಷ್ಟು: ಆ ಬಲದಿಂದ ಕಳೆದುಕೊಂಡವನು ಯಾಕೆ ಎಂದು ಕೇಳಬಲ್ಲನೇ, ಉತ್ತರ ಕೊಡಲೇಬೇಕಾದವರು ಯಾರಾದರೂ ಇದ್ದಾರೆಯೇ? ಜಮೀನು ಕಳೆದುಕೊಂಡ ಒಡೆಯ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದಿತ್ತು. ವಿಚಾರಣೆ ಸರಿಯಾಗಿ ನಡೆದಿಲ್ಲ ಎಂದು ಎಷ್ಟೋ ಆದೇಶಗಳನ್ನು ಹೈಕೋರ್ಟ್ ಮತ್ತೆ ನ್ಯಾಯಮಂಡಳಿಗೆ ಕಳಿಸಿತು. ವಕೀಲರು ಬರಬಾರದೆಂಬ ನಿಯಮವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು, ಕಾಯ್ದೆಯ ಮೂಲವನ್ನು ಮಾತ್ರ ಎತ್ತಿಹಿಡಿಯಿತು. ಮೀಸಾದಡಿ ಒಳಗಿದ್ದವರಿಗೆ ಈ ಯಾವ ದಾರಿಯೂ ಇರಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಬರುವಂತೆಯೇ ಇಲ್ಲ ಎಂದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು.

ಈ ವ್ಯತ್ಯಾಸ ನನ್ನ ಕಲ್ಪನೆಯಲ್ಲ, ನಮ್ಮ ಸಂವಿಧಾನದಲ್ಲೇ ಬರೆದಿದೆ. ಜೈಲಿನಿಂದ ಹೊರಬಂದವರು ಅಧಿಕಾರಕ್ಕೆ ಬಂದ ಮೇಲೆ, 1978ರ 44ನೇ ತಿದ್ದುಪಡಿಯಲ್ಲಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳಿಂದ ತೆಗೆದು, ಕಾನೂನಿನ ಪ್ರಕಾರ ಮಾತ್ರ ಆಸ್ತಿ ತೆಗೆದುಕೊಳ್ಳಬಹುದು ಎಂದಿಟ್ಟರು. ಅದೇ ತಿದ್ದುಪಡಿಯಲ್ಲಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಕಾಪಾಡುವ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ ಎಂದು ಸೇರಿಸಿದರು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟ್ ಅಧಿಕೃತವಾಗಿ ಅಳಿಸಿದ್ದು 2017ರ ಆಗಸ್ಟಿನಲ್ಲಿ, ಖಾಸಗಿತನದ ಪ್ರಕರಣದಲ್ಲಿ. ಆ ಪ್ರಕರಣ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.